ತಾಮ್ರದ ಹೂಜಿಯೊಳಗಿನ ಬಾಗಿಲು

ಸಂಜೆ ಇದ್ದಕ್ಕಿದ್ದಂತೆ ಮಳೆ ಹಿಡಿದಾಗ ಬೀದಿಯಲ್ಲಿದ್ದವರು ಸಿಕ್ಕ ಸಿಕ್ಕ ಬಾಗಿಲಿಗೆ ನುಗ್ಗಿದರು. ಪಟಗಳಿಗೆ ಕಟ್ಟು ಹಾಕುವ ಆ ಉದ್ದನೆಯ ಅಂಗಡಿಗೆ ಪಕ್ಕದ ಮಳಿಗೆಯ ಟೈಲರ್, ಬಸ್ಸು ತಪ್ಪಿಸಿಕೊಂಡ ಕಂಡಕ್ಟರ್, ಚೀಲ ಎದೆಗವಚಿಕೊಂಡ ಇಬ್ಬರು ಕಾಲೇಜು ಹುಡುಗಿಯರು ಬಂದು ಸೇರಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಅಂಗಡಿಯ ಸೊಸೆ ಗಲ್ಲಾದ ಮೇಲೆ ಮೇಣದಬತ್ತಿ ಹಚ್ಚುತ್ತಿದ್ದಾಗ ಹಿಂದಿನಿಂದ ಯಾರೋ, "ಸ್ವಲ್ಪ ನೀರು ಕೊಡ್ತೀರಾ?" ಎಂದರು. "ತಡೀರಿ, ಒಂದ್ನಿಮಿಷ" ಎಂದಳು ಅವಳು, ತಿರುಗಿಯೂ ನೋಡದೆ.

ಮೂಲೆಯ ಕುರ್ಚಿಯಿಂದ ಅವಳ ಅತ್ತೆ, ಎಲ್ಲರೂ ಅಜ್ಜಿ ಎನ್ನುವ ಯಜಮಾನಿ, ಸಿಡುಕಿದಳು. "ಯಾರಿಗೇ ತಡೀರಿ ಅಂದಿದ್ದು?"

"ನೀರು ಕೇಳಿದ್ರು ಅತ್ತೆ. ಬತ್ತಿ ಹಚ್ಚಿ..."

"ಬತ್ತಿ ಮನೆ ಹಾಳಾಗ. ಮೊದ್ಲು ನೀರು ತಾ!"

ಸೊಸೆ ಲೋಟದ ತುಂಬ ನೀರು ತಂದು ಗಲ್ಲಾದ ಮೇಲಿಟ್ಟಳು. ಅಜ್ಜಿ ಗೋಡೆಯತ್ತ ಬೆರಳು ತೋರಿಸಿದಳು. ಗಾಜು ಹಾಕಿದ ನೂರು ಪಟಗಳ ನಡುವೆ ಅಲ್ಲೊಂದು ಎಣ್ಣೆಬಣ್ಣದ ಚಿತ್ರ, ಗಾಜಿಲ್ಲದೆ, ಕಟ್ಟಿಲ್ಲದೆ ನೇತಾಡುತ್ತಿತ್ತು.

"ಮಳೆ ಈಗ್ಲೇ ಬಿಡಲ್ಲ, ಕೂತ್ಕೊಳ್ಳಿ. ಅದನ್ನ ಬರೆದೋರು ನಮ್ಮ ಭಾವ, ನಮ್ಮಕ್ಕನ ಗಂಡ. ಹೊಟ್ಟೆಪಾಡಿಗೆ ಅಂಗಡಿ ಬೋರ್ಡು ಬರೀತಿದ್ರು, ಆದ್ರೆ ಜೀವ ಎಲ್ಲಾ ಎಣ್ಣೆಬಣ್ಣದಲ್ಲೇ. ಏನು ಬರೀತಿದ್ರು ಅಂತೀರಿ? ರಾಜ ಅಲ್ಲ, ರಾಣಿ ಅಲ್ಲ, ಬೆಟ್ಟ ಅಲ್ಲ, ಹೊಳೆ ಅಲ್ಲ... ಮೇಜು! ಮೇಜಿನ ಮೇಲೊಂದು ತಾಮ್ರದ ಹೂಜಿ, ಎರಡು ನಿಂಬೆಹಣ್ಣು, ಒಂದು ಮುದುರಿದ ಬಟ್ಟೆ. ಮೀಸೆ ಚಿಗುರಿದಾಗಿಂದ ತಲೆ ನರೆಯೋ ತನಕ ಅದೇ ಹೂಜಿ. ನಿಂಬೆಹಣ್ಣು ಬದಲಾಗ್ತಿತ್ತು, ಅದೂ ಕೊಳೆತ ಮೇಲೆ!

"ಸಾಮಾನು ಜೋಡಿಸಿ ಸುತ್ತ ಸೀಮೆಸುಣ್ಣದ ಗೆರೆ ಎಳೆದ್ರೋ, ಮುಗೀತು, ಚಿತ್ರ ಆಗೋ ತನಕ ಕೂದಲೆಳೆಯಷ್ಟೂ ಯಾರೂ ಕದಲಿಸೋ ಹಾಗಿಲ್ಲ. ನೊಣ ಬಂದು ಕೂತ್ರೆ ಆ ನೊಣಾನೂ ಬರೀತಿದ್ರು, ಪುಣ್ಯಾತ್ಮ. ಇನ್ನು ಚಿತ್ರ ಆಗೋದು ಅಂದ್ರೆ ಹುಡುಗಾಟಾನಾ? ಎಣ್ಣೆಬಣ್ಣ ಒಣಗಕ್ಕೆ ತಿಂಗಳುಗಟ್ಟಲೆ. ಪೂರ್ತಿ ಒಣಗಿದ ಮೇಲೆ ವಾರ್ನಿಷ್. ವಾರ್ನಿಷ್ ಬಳಿದು, ಮನೆಯೆಲ್ಲ ಕೇಳೋ ಹಾಗೆ 'ಆಯ್ತು' ಅನ್ನೋರು. ಆಮೇಲೇ ನಮ್ಮಕ್ಕ ಮೇಜು ಒರೆಸಬೇಕು. 'ಆ ಹೂಜಿ ನನ್ನ ಸವತಿ ಕಣೇ, ಸದ್ಯ ಊಟ ಕೇಳಲ್ಲ' ಅಂತ ನಗ್ತಿದ್ಲು.

"ಒಂದು ಮಳೆಗಾಲ ಅಕ್ಕಂಗೆ ಜ್ವರ ಬಂತು. ಎಷ್ಟೋ ದಿನ ಮೋಡ ಕವಿದಿದ್ದು, ಆವತ್ತು ಒಂದಿಷ್ಟು ಬೆಳಕು ಬಿತ್ತು. ಭಾವ ಕುಂಚ ಹಿಡಿದು ಕೂತ್ರು. ಒಳಗಿಂದ ಅಕ್ಕ, 'ರೀ, ಒಂದು ಗುಟುಕು ನೀರು' ಅಂದ್ಲು. 'ತಡಿ' ಅಂದ್ರು. ಮತ್ತೆ ಕೇಳಿದ್ಲು. 'ತಡಿಯೇ, ಬೆಳಕು ಹೋಗುತ್ತೆ!'... ಆಮೇಲೆ ಕೇಳಲಿಲ್ಲ. ಸ್ವಲ್ಪ ಹೊತ್ತಾಯ್ತು. ಆ ಹೂಜಿ ಹೊಟ್ಟೆ ಕನ್ನಡಿ ಹಾಗೆ ಹೊಳೀತಿತ್ತಲ್ಲ, ಅದ್ರಲ್ಲಿ ಭಾವನ ಬೆನ್ನ ಹಿಂದಿನ ಬಾಗಿಲು ಕಾಣ್ತಿತ್ತು. ಆ ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ಲು, ಬಿಳೀ ಹೊದಿಕೆ ಹೊದ್ದು. ತಾಮ್ರದೊಳಗೆ ಅಕ್ಕಿಕಾಳಷ್ಟು ಬಿಳಿ.

"ತಿರುಗಬೇಕು ತಾನೇ? ತಿರುಗಲಿಲ್ಲ ರೀ! ಅಷ್ಟು ವರ್ಷದಿಂದ ಏನೋ ಕಮ್ಮಿ, ಏನೋ ಕಮ್ಮಿ ಅಂತ ಒದ್ದಾಡ್ತಿದ್ರಲ್ಲ, ಅದು ಸಿಕ್ಕಿಬಿಡ್ತು. 'ಅಲ್ಲೇ ನಿಲ್ಲು. ಚಿತ್ರ ಆಗೋ ತನಕ ಅಲ್ಲಾಡಬೇಡ' ಅಂದ್ರು. ನಿಂತ್ಲು ನಮ್ಮಕ್ಕ, ಮಹಾತಾಯಿ. ಬೆಳಕಿರೋ ತನಕ ಅವಳನ್ನ ಬರೆದು, ಕುಂಚ ಇಟ್ಟು ತಿರುಗಿದ್ರೆ... ಬಾಗಿಲಲ್ಲಿ ಯಾರೂ ಇಲ್ಲ. ಒಳಗೆ ಹಾಸಿಗೆ ಮೇಲೆ ಅಕ್ಕ, ಕೈಕಾಲು ಸೆಟೆದುಕೊಂಡು. ಡಾಕ್ಟ್ರು ಬಂದು ನೋಡಿ, ಮಧ್ಯಾಹ್ನಾನೇ ಪ್ರಾಣ ಹೋಗಿದೆ ಅಂದ್ರು. ಹಾಗಾದ್ರೆ ಸಾಯಂಕಾಲದ ತನಕ ನಿಂತಿದ್ದೋರು ಯಾರು? ಹೇಳಿ ನೋಡೋಣ...

"ಮಣ್ಣು ಮಾಡಿ ಬಂದು ನೋಡ್ತಾರೆ, ಹೂಜಿಯೊಳಗೆ ಇನ್ನೂ ನಿಂತಿದ್ಲು! ತಿರುಗಿದ್ರೆ ಇಲ್ಲ, ಹೂಜೀಲಿ ನೋಡಿದ್ರೆ ಇದ್ದಾಳೆ. ಭಾವ ಲೋಟದ ತುಂಬ ನೀರು ಹಿಡ್ಕೊಂಡು ಆ ಖಾಲಿ ಬಾಗಿಲ ಮುಂದೆ, 'ಸಾಕು ಬಾರೇ, ಕುಡಿಯೇ' ಅಂತ ಗೋಗರೆದ್ರು. ಕದಲಲಿಲ್ಲ. 'ಚಿತ್ರ ಆಯ್ತು ಕಣೇ, ಆಯ್ತು' ಅಂತ ಸುಳ್ಳೂ ಹೇಳಿದ್ರು. ಅಷ್ಟು ಕಾಲ ಸಂಸಾರ ಮಾಡಿದೋಳಿಗೆ ಗಂಡನ ಸುಳ್ಳು ಗೊತ್ತಾಗಲ್ವಾ?

"ಸರಿ, ನಿಜವಾಗ್ಲೂ ಮುಗಿಸೋಣ ಅಂತ ಹಟ ಹಿಡಿದ್ರು. ಚಿತ್ರದಲ್ಲಿ ಹೂಜಿ ಒಣಗ್ತು. ಬಟ್ಟೆ ಒಣಗ್ತು. ನಿಂಬೆಹಣ್ಣಂತೂ ಒಣಗಿ ಬಿರುಕು ಬಿಡ್ತು. ಆ ಅಕ್ಕಿಕಾಳಷ್ಟು ಬಿಳಿ... ಊಹೂಂ. ಬಿಸಿಲಿಗಿಟ್ರು, ಒಲೆ ಮುಂದಿಟ್ರು, ರಾತ್ರಿ ಹಗಲು ಬಾಯಲ್ಲಿ ಊದಿದ್ರು. ಹಸಿ ಮೇಲೇ ವಾರ್ನಿಷ್ ಬಳಿಯಕ್ಕೆ ಹೋದ್ರೆ ಅವಳ ಆಕಾರಾನೇ ಕಲಸಿಹೋಗೋ ಹಾಗಾಯ್ತು, ಚೀರಿ ಕೈ ತೆಗೆದ್ರು. ಬೋರ್ಡು ಬರೆಯೋದು ಬಿಟ್ರು, ಊಟ ಬಿಟ್ರು. ತಾವೂ ನೀರು ಕುಡೀತಿರಲಿಲ್ಲ, ನಾನೇ ಬೈದು ಬಾಯಿಗೆ ಹಿಡೀಬೇಕು. ಕೊನೇ ದಿನ ನನ್ನ ಕೈ ಹಿಡ್ಕೊಂಡ್ರು, ಬೆರಳ ತುದಿ ಬೆಳ್ಳಗಿತ್ತು. 'ಒಣಗ್ತಾ ನೋಡಮ್ಮ' ಅಂದ್ರು. ಕೇಳ್ತಾ ಕೇಳ್ತಾನೇ ಹೋಗಿಬಿಟ್ರು."

ಹುಡುಗಿಯರಲ್ಲೊಬ್ಬಳು ಎದ್ದುಹೋಗಿ ಚಿತ್ರದ ಹೂಜಿಯನ್ನು ಮೆಲ್ಲಗೆ ಮುಟ್ಟಿದಳು. ವಾಪಸು ಬಂದು ಬತ್ತಿಯ ಬೆಳಕಿಗೆ ಬೆರಳು ಹಿಡಿದಳು. ತುದಿಗೆ ಬಿಳಿ ಹತ್ತಿತ್ತು.

ಅಜ್ಜಿ ಅದನ್ನು ನೋಡಲಿಲ್ಲ. ಗಲ್ಲಾದ ಮೇಲಿನ ಲೋಟವನ್ನು ನೋಡುತ್ತಿದ್ದಳು. ನೀರು ಅಂಚಿನವರೆಗೂ ಹಾಗೇ ಇತ್ತು.

"ನೀರು ಕೇಳಿದ್ದು ಯಾರ್ರಪ್ಪ?"

"ನಾವಲ್ಲ ಅಜ್ಜಿ" ಎಂದು ಹುಡುಗಿಯರು ತಮ್ಮ ಬಾಟಲಿ ತೋರಿಸಿದರು. ಕಂಡಕ್ಟರ್ ಇಲ್ಲವೆಂದು ತಲೆಯಾಡಿಸಿದ. "ನಾನು ಈಗಷ್ಟೇ ಚಹಾ ಕುಡಿದು ಬಂದೆ" ಎಂದ ಟೈಲರ್. ತನಗೆ ಕೇಳಿಸಿದ್ದು ಹೆಂಗಸಿನ ದನಿ, ಈ ಹುಡುಗಿಯರದಕ್ಕಿಂತ ದೊಡ್ಡ ವಯಸ್ಸಿನದು ಎಂಬುದು ಸೊಸೆಗೆ ಈಗ ಹೊಳೆಯಿತು.

"ನಾನೂ ಎಷ್ಟೋ ಸಲ ತಂದಿಟ್ಟಿದ್ದೀನಿ" ಎಂದಳು ಅಜ್ಜಿ. ಬೈಗುಳದ ದನಿ ಎಲ್ಲಿಗೋ ಹೋಗಿತ್ತು. "ಬಾರೇ ಅಂತ ಕರೆದಿದ್ದೀನಿ. ನನ್ನ ಮಾತು ಕೇಳ್ತಾಳಾ? ನಿಲ್ಲಿಸಿದೋರು ಹೊರಟೇಹೋದ್ರು, ಇನ್ನು ಬಾ ಅನ್ನೋರು ಯಾರು... ಹೊರಗೆ ಇಷ್ಟೊಂದು ನೀರು ಸುರೀತಿರೋ ಸದ್ದು ಕೇಳಿದಾಗೆಲ್ಲ ಅವಳಿಗೆ ತಡೆಯಕ್ಕಾಗಲ್ಲ, ಪಾಪ, ಕೇಳಿಬಿಡ್ತಾಳೆ."

ಸೊಸೆಯತ್ತ ನೋಡಿ ನಿಟ್ಟುಸಿರು ಬಿಟ್ಟಳು.

"ಇವತ್ತು ನೀನೂ ತಡೀರಿ ಅಂದ್ಬಿಟ್ಟೆಯಲ್ಲೇ, ತಾಯಿ."