ಬೀಗರ ಮನೆಗೆ ಹೊರಟ ಹುಲ್ಲು

ಹರಿಹರದ ಬಸ್ ನಿಲ್ದಾಣದಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದ ಗುಡ್ಡಪ್ಪನಿಗೆ, ಪಕ್ಕದ ಕಲ್ಲುಬೆಂಚಿನಲ್ಲಿ ಕುಳಿತ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು. ಪೇಟೆಯ ದ್ರಾಕ್ಷಾಯಣಮ್ಮನವರ ತೊಡೆಯ ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿದ ಹುಲ್ಲಿನ ಬುಡವಿತ್ತು. ಅದರ ಎಳೆಯ ಬಿಳಿ ಕುಚ್ಚು ಅವರ ತಲೆಗಿಂತ ಮೇಲೆ ತೂಗುತ್ತಿತ್ತು. ಮಲೆಬೆನ್ನೂರು ಕಡೆಯ ರೈತರ ಮನೆಯ ಕೊಟ್ರವ್ವ ಅದನ್ನೇ ನೋಡುತ್ತಿದ್ದಳು.

“ಹೊಳೆದಂಡೆ ಜೊಂಡು ಯಾಕ ಹೊತ್ಕೊಂಡು ಹೊಂಟೀರಿ?”

“ಜೊಂಡಂತೆ! ಬಂಗಲೆ ತೋಟದ ಹುಲ್ಲು ಕಣ್ರಿ ಇದು. ನಮ್ಮನೆ ಮುಂದೆ ಸೂರು ಮುಟ್ಟೈತೆ. ಜನ ಸೈಕಲ್ ಇಳಿದು ನೋಡ್ತಾರೆ.”

ಕೊಟ್ರವ್ವ ಎಲೆಯ ಅಂಚಿಗೆ ಬೆರಳು ತಾಗಿಸಿ ಸರಕ್ಕನೆ ಹಿಂದೆಗೆದಳು.

“ಗರಗಸ ಇದ್ದಂಗೈತೆ. ಜೊಂಡಲ್ಲ ಬಿಡ್ರಿ. ಎಲ್ಲಿ ನೆಡ್ತೀರಿ?”

“ಮಗಳನ್ನ ಕೊಟ್ಟ ಮನೆಯೋರ ಗದ್ದೇಲಿ, ಹೊಸ ಕಾಲುವೆ ದಂಡೆ ಮ್ಯಾಲೆ. ಬೀಗರು ಮೂಗಿನ ಮ್ಯಾಲೆ ಬೆರಳಿಡಬೇಕು.”

“ಬ್ಯಾಡ್ರವ್ವಾ! ಕುಚ್ಚು ಬಲಿತು ಬೀಜ ಹಾರಿದ್ರೆ ಕಾಲುವೆ ತುಂಬ ಇದೇ ಹುಲ್ಲು. ಗದ್ದೆಗೆ ನೀರು ಹೋಗದಿದ್ರೆ ನಿಮ್ಮ ಮಗಳು ಮಾತು ಕೇಳಬೇಕಾಗ್ತೈತೆ.”

ದ್ರಾಕ್ಷಾಯಣಮ್ಮ ಕುಚ್ಚನ್ನು ಸವರಿದರು.

“ಅಷ್ಟು ಜೋರೈತೇನ್ರಿ ನನ್ನ ಹುಲ್ಲು?”

“ಐತ್ರಿ. ಅಂಗಳದಾಗ ಕಲ್ಲುತೊಟ್ಟಿಗೆ ಹಾಕ್ರಿ. ಕುಚ್ಚು ಬಲಿಯೋದ್ರೊಳಗೆ ಕೊಯ್ದುಬಿಡ್ರಿ.”

ಮಲೆಬೆನ್ನೂರು ಬಸ್ಸು ಬಂತು. ದ್ರಾಕ್ಷಾಯಣಮ್ಮ ಗೋಣಿಯನ್ನು ಎದೆಗವಚಿಕೊಂಡು ಎದ್ದರು.

“ತೊಟ್ಟೀಲೇ ನೆಡ್ತೀನಿ. ನಮ್ಮ ಹುಲ್ಲು ಹೋರಿ ಇದ್ದಂಗೆ, ಕಟ್ಟಿಹಾಕೇ ಸಾಕಬೇಕು ಅಂತ ಬೀಗಿತ್ತಿಗೆ ಹೇಳ್ತೀನಿ.”

“ಹೇಳ್ರಿ, ಹೇಳ್ರಿ. ಮೊದಲು ತಲೆ ಬಗ್ಗಿಸಿ ಹತ್ರಿ.”

ಅವರು ತಲೆ ಬಗ್ಗಿಸಲಿಲ್ಲ. ಕುಚ್ಚು ಬಾಗಿಲಿಗೆ ತಗಲದಂತೆ ಕೊಟ್ರವ್ವನೇ ಹಿಂದಿನಿಂದ ಅದನ್ನು ಬಾಗಿಸಿ ಹಿಡಿದು ಹತ್ತಿದಳು.