ಮಳಗಿಯ ಹಸಿರು ಫಿಯೆಟ್

ಗಣೇಶಗುಡಿ ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಮರವೊಂದು ರಸ್ತೆಗೆ ಅಡ್ಡ ಬಿದ್ದು, ನಮ್ಮ ಜೋಯಿಡಾ ಬಸ್ಸು ನಿಂತುಬಿಟ್ಟಿತು. ಮಳೆ ಬಿಡುವ ಹಾಗೆ ಕಾಣಲಿಲ್ಲ. ಮರ ಕಡಿಯುವವರು ಬರಬೇಕು, ತಡವಾಗುತ್ತದೆ ಎಂದು ಕಂಡಕ್ಟರು ಹೇಳಿದ ಮೇಲೆ ನಾವೆಲ್ಲ ರಸ್ತೆ ಬದಿಯ ಚಹಾದಂಗಡಿಯ ತಗಡಿನ ಕೆಳಗೆ ಸೇರಿಕೊಂಡೆವು. ನನ್ನ ಪಕ್ಕದಲ್ಲಿ ಕೂತಿದ್ದ ಅಣ್ಣತಮ್ಮಂದಿರು ಮೊಬೈಲಿನಲ್ಲಿ ಎರಡು ಹಳೆಯ ಜೀಪುಗಳ ಫೋಟೋ ನೋಡುತ್ತ, ಯಾವುದನ್ನು ಉಳಿಸಿ ಹೊಸದರಂತೆ ಮಾಡುವುದು, ಯಾವುದನ್ನು ಬಿಚ್ಚಿ ಸಾಮಾನು ತೆಗೆಯುವುದು ಎಂದು ವಾದ ಮಾಡುತ್ತಿದ್ದರು.

ಬೆಂಚಿನ ತುದಿಯಲ್ಲಿದ್ದ ಮುದುಕಿ ಅವರ ಮಾತಿಗೆ ಕಿವಿಗೊಟ್ಟಿದ್ದಳು. ಹಳಿಯಾಳದ ಕಡೆಯ ಸಿದ್ದಿ ಹೆಂಗಸು, ಹೆಸರು ರುಕ್ಮಾ. ಮೊದಲು ಕೌದಿ ಹೊಲಿಯುತ್ತಿದ್ದಳಂತೆ, ಈಗ ಗ್ಯಾರೇಜುಗಳಲ್ಲಿ ಗಾಡಿಯ ಸೀಟು ಹೊಲಿದು ಕೊಡುತ್ತಾಳೆ. ಅವಳು ಚಹಾದ ಗ್ಲಾಸು ಕೆಳಗಿಟ್ಟಳು.

“ಯಾವ ಗಾಡಿ ಉಳಸೂದು ಅನ್ನೂದು ನಿಮ್ಮ ಕೈಯಾಗ ಐತಿ ಅಂತ ತಿಳಕೊಂಡೀರೇನು?”

ಅಣ್ಣತಮ್ಮಂದಿರು ನಕ್ಕರು. ಅವಳು ನಗಲಿಲ್ಲ.

“ಕೇಳ್ರಿ. ಇದೇನು ಅಜ್ಜನ ಕಾಲದ್ದಲ್ಲ, ಹೋದ ಮಳಿಗಾಲದಾಗ ನಡದದ್ದು. ಹಳಿಯಾಳದಾಗ ಬಸ್ತ್ಯಾಂವ ಅಂತ ಒಬ್ಬ ಮಿಸ್ತ್ರಿ ಅದಾನ, ನಮ್ಮ ಪೈಕಿ ಹುಡುಗ. ಅಂವಗೂ ಮಹಾಬಳೇಶ್ವರ ಅನ್ನೂವಗೂ ಕೂಡಿ ಒಂದು ಗ್ಯಾರೇಜು. ಸಣ್ಣವರಿದ್ದಾಗಿಂದ ದೋಸ್ತರು, ಒಬ್ಬನ ಮನ್ಯಾಗ ಉಂಡು ಇನ್ನೊಬ್ಬನ ಮನ್ಯಾಗ ಕೈ ತೊಳಿಯೂವಂಥವರು. ಮದವಿಗೆ ಬಾಡಿಗಿ ಬಿಡೂಣು ಅಂತ ಎರಡು ಹಳೇ ಫಿಯೆಟ್ ತಂದ್ರು. ಬಿಳೇದು ಬಂಗೂರನಗರದ್ದು, ಹಸರದು ಮಳಗೀದು. ಬಿಳೇದರ ಬಾಡಿ ಕನ್ನಡಿ ಇದ್ದಂಗ ಇತ್ತು, ಇಂಜಿನ್ ಮಾತ್ರ ಸತ್ತಿತ್ತು. ಹಸರದು ತುಕ್ಕು ಹಿಡದು ಬಾಗಲಾ ಕೈಗೇ ಬರತಿತ್ತು, ಆದ್ರ ಇಂಜಿನ್ ಗಟ್ಟಿ. ಇದರಾಗ ವಿಚಾರ ಮಾಡೂದೇನೈತಿ ಹೇಳ್ರಿ? ಹಸರದರ ಇಂಜಿನ್ ತಗದು ಬಿಳೇದಕ್ಕ ಹಾಕೂದು. ಮಹಾಬಳೇಶ್ವರ ಹಂಗ ಅಂದ. ಬಸ್ತ್ಯಾಂವಗ ಹಸರದರ ಮ್ಯಾಲ ಯಾಕೋ ಜೀವ... ಇದನ್ನ ಉಳಸೂಣು ಅಂತ ಹೇಳಿ ನೋಡಿದ, ಆಮ್ಯಾಲ ಆಗಲಿ ಅಂತ ಒಪ್ಪಿದ.

“ಇಬ್ಬರೂ ಕೂಡಿ ಹಸರದರ ಇಂಜಿನ್ನಿನ ಬೋಲ್ಟ್ ಎಲ್ಲಾ ಸಡಲ ಮಾಡಿ ಮನಿಗೆ ಹ್ವಾದ್ರು. ಮುಂಜಾನೆ ಬಂದು ನೋಡತಾರ... ಎಲ್ಲಾ ಬಿಗಿ. ಬೋಲ್ಟ್ ತಿರವೂ ಪಾನಾ ಹಾಕಿದ್ರ ಜಾರತಿತ್ತು, ಅಷ್ಟ ಬಿಗಿ. ಸಡಲ ಮಾಡೂದ ಮರತಿರಬೇಕು ಅಂತ ನಕ್ಕು ಮತ್ತ ಸಡಲ ಮಾಡಿದ್ರು. ಮರದಿನ ಮತ್ತ ಬಿಗಿ, ಮ್ಯಾಲ ಹೊಸಾ ಎಣ್ಣಿ ಬ್ಯಾರೆ ಹಚ್ಚಿತ್ತು. ಆವತ್ತ ಯಾರೂ ನಗಲಿಲ್ಲ.

“ಹಸರದರ ಮ್ಯಾಲ ಜೀವ ಇದ್ದಾಂವ ಯಾರು? ಬಸ್ತ್ಯಾಂವ. ಅಂದಮ್ಯಾಲ ಅವಂದ ಕೆಲಸ ಅಂತ ಮಹಾಬಳೇಶ್ವರನ ತಲ್ಯಾಗ ಕುಂತಿತು. ತನಗ ಕೆಟ್ಟ ಹೆಸರು ತಂದು ಪಾಲು ಬಿಡಸಾಕ ಮಹಾಬಳೇಶ್ವರನೇ ಹಿಂಗ ಮಾಡಾಕತ್ತಾನ ಅಂತ ಬಸ್ತ್ಯಾಂವನ ತಲ್ಯಾಗ. ಬಾಯಿ ಬಿಟ್ಟು ಒಬ್ಬರೂ ಅನ್ನಲಿಲ್ಲ. ಹಿಂದಿನ ಮುಂದಿನ ಎರಡೂ ಬಾಗಲಕ್ಕ ಇಂವ ತನ್ನದೊಂದು ಕೀಲಿ ಹಾಕಿದ, ಅಂವ ತನ್ನದೊಂದು ಹಾಕಿದ. ಒಬ್ಬನ ಬಿಟ್ಟು ಒಬ್ಬ ಒಳಗ ಹೋಗೂಹಂಗಿಲ್ಲ. ಆದ್ರೂ ಮುಂಜಾನೆ ಬೋಲ್ಟ್ ಬಿಗಿ! ಅಂದ್ರ ಕಳ್ಳ ಕೀಲಿಕೈ ಮಾಡಿಸ್ಯಾನ ಅಂತ ಸಂಶೇ ಮತ್ತೂ ಬೆಳೀತು. ಒಂದ ಕಪ್ಪಿನಾಗ ಅರ್ಧರ್ಧ ಚಾ ಕುಡಿಯೂವರು ಬ್ಯಾರೆ ಬ್ಯಾರೆ ಅಂಗಡಿಗೆ ಹೋಗಾಕ ಹತ್ತಿದ್ರು.”

ಅವಳು ಸೀರೆಯ ಸೆರಗನ್ನು ಹೆಗಲ ಸುತ್ತ ಎಳೆದುಕೊಂಡಳು. ಅಣ್ಣ ಮೊಬೈಲನ್ನು ಕಿಸೆಗೆ ಹಾಕಿದ್ದ. ತಗಡಿನ ಮೇಲೆ ಮಳೆ ಜೋರಾಗಿ, ಅವಳ ಮಾತು ಕೇಳಲು ನಾವು ಹತ್ತಿರ ಸರಿಯಬೇಕಾಯಿತು.

“ನಾ ಆಗ ಅಲ್ಲೇ ಬಿಳೇ ಗಾಡಿ ಸೀಟು ಹೊಲಿಯಾಕತ್ತಿದ್ದೆ. ಒಂದಿನ ಬೋಲ್ಟ್ ಸಡಲ ಮಾಡಿಟ್ಟು ಬಸ್ತ್ಯಾಂವ ಊಟಕ್ಕ ಹೋಗಿದ್ದ. ಮಹಾಬಳೇಶ್ವರ ಬಂದು, ನಾ ಮುಂಡಗೋಡಕ್ಕ ಹೋದೆ ಅಂತ ಬಸ್ತ್ಯಾಂವಗ ಹೇಳು ಆಯಿ ಅಂತ ಅಂದು, ಬಿಳೇ ಗಾಡಿಯ ಹಿಂದಿನ ಸೀಟಿನ್ಯಾಗ ಮುದುಡಿ ಮಲಕ್ಕೊಂಡ. ಆಮ್ಯಾಲ ಬಸ್ತ್ಯಾಂವ ಬಂದ. ಅಂವ ಏನಂದಾ ಗೊತ್ತೈತೇನು? ಹೊರಗ ಕರದು, ನಾ ಇಂದೂರ ಹಳ್ಳಿಗೆ ಹೋದೆ ಅಂತ ಅವಂಗ ಹೇಳು ಮಾವ್ಶಿ ಅಂತಂದು, ಹಿಂದಿನ ಬಾಗಲದಿಂದ ಒಳಗ ಹೊಕ್ಕು ತಾಡಪತ್ರಿ ಮರ್ಯಾಗ ಕುಂತ! ನನಗ ನಗು. ಒಬ್ಬನ್ನೊಬ್ಬ ಹಿಡೀಲಿ, ಬಡದಾಡಲಿ, ಹೊತ್ತು ಮುಣಗೂದರಾಗ ಒಂದಾಗತಾರ ಅಂತ ಸುಮ್ಮನ ಹೊಲಿಗಿ ಹಾಕ್ಕೋತ ಕುಂತೆ.

“ಸಂಜಿ ಆತು. ಇದ ಮಳಿ, ಇದ ತಗಡಿನ ಸಪ್ಪಳಾ. ಕರೆಂಟ್ ಹೋತು. ಆವಾಗ ಹಸರ ಗಾಡಿ ಕಡಿಂದ ಕೇಳಿಸ್ತು... ಕಿರ್ರ್... ಕಿರ್ರ್... ಪಾನಾ ತಿರಗೂ ಸಪ್ಪಳಾ. ಹಾಂ, ಕಳ್ಳ ಕೆಲಸಕ್ಕ ಹತ್ತಿದ ಅಂದಕೊಂಡೆ. ಅಂದಕೊಂಡವಳ ಕೈಯಾಗಿನ ಸೂಜಿ ನಿಂತಬಿಡ್ತು. ಇಬ್ಬರೂ ಹಿಡಿಯಾಕ ಕುಂತವರು... ಹಂಗಾದ್ರ ಬೋಲ್ಟ್ ಬಿಗಿ ಮಾಡೂವರು ಯಾರು?

“ನಾ ಕೂಗೂದರೊಳಗ ಮಹಾಬಳೇಶ್ವರ ಗಾಡಿಯಿಂದ ಜಿಗದಿದ್ದ. ‘ಸಿಕ್ಕಿ ನೋಡ ಬಸ್ತ್ಯಾ’ ಅಂತ ಬಾನೆಟ್ಟಿನ ಕೆಳಗ ಕೈ ಹಾಕಿ ಹಿಡದ. ಅವನ ಬೆನ್ನ ಹಿಂದ, ತಾಡಪತ್ರಿ ಕಡಿಂದ ಬಸ್ತ್ಯಾಂವನ ದನಿ ಬಂತು.

“‘ನಾ ಇಲ್ಲಿ ಅದೀನಲೊ.’

“ನಾ ಮೊಬೈಲ್ ಬ್ಯಾಟರಿ ಹಚ್ಚಿದೆ. ಮಹಾಬಳೇಶ್ವರನ ಮುಷ್ಟ್ಯಾಗ ಒಂದು ಮಣಿಕಟ್ಟು ಇತ್ತು. ಹೆಂಗಸಿಂದು. ಎರಡ ಗಾಜಿನ ಬಳಿ, ಉಗರಿನ ತುಂಬ ಕರೇ ಗ್ರೀಸು, ಕೈಯಾಗ ಪಾನಾ. ಇಂಜಿನ್ನಿನ ಸಂದ್ಯಾಗಿಂದ ಬಂದ ಕೈ ಅದು... ಅಲ್ಲಿ ಮನಶಾರು ಇರಾಕ ಜಾಗಾ ಎಲ್ಲೈತ್ರಿ? ಮಹಾಬಳೇಶ್ವರ ಬಿಟ್ಟುಬಿಟ್ಟ. ನಾ ನೋಡೇನಿ, ಐದೂ ಬಟ್ಟು ತೆರದು ಬಿಟ್ಟ. ಆ ಕೈ ಗಡಿಬಿಡಿ ಮಾಡಲಿಲ್ಲ. ಉಳದ ಒಂದು ಸುತ್ತು ಬಿಗಿ ಮಾಡಿ, ಆಮ್ಯಾಲ ಸಾವಕಾಶ ಅದ ಸಂದ್ಯಾಗ ಇಳೀತು.

“ಇಬ್ಬರೂ ಒಬ್ಬನ್ನೊಬ್ಬ ತಬ್ಬಿಕೊಂಡು ಅತ್ರು, ಅಂಜಿಕಿಗೆ ಅತ್ತರೋ, ಸಂಶೇ ಪಟ್ಟದ್ದಕ್ಕ ಅತ್ತರೋ. ಮರದಿನ ಮೂವರೂ ಮಳಗಿಗೆ ಹ್ವಾದಿವಿ. ಗಾಡಿ ಮಾರಿದಾಂವ ಹೇಳಿದ, ಅದು ತೀರಿಕೊಂಡ ತನ್ನ ಅಕ್ಕಂದು, ಸಾಲಿ ಟೀಚರ್ ವಿದ್ಯಾವತಿ ಅಂತ. ಆ ಕಡೆ ಕಾರು ಹೊಡಿಯೂ ಹೆಣಮಗಳು ಆಕಿ ಒಬ್ಬಾಕಿನ. ರಿಪೇರಿನೂ ತಾನ ಮಾಡ್ಕೋತಿದ್ಲು. ಹಾಸಗಿ ಹಿಡದಾಗ ದಿನಾ ಕೇಳತಿದ್ಲಂತ, ಗಾಡಿ ಯಾರರೆ ಮುಟ್ಟ್ಯಾರೇನು ಅಂತ.

“ಮತ್ತೇನು, ಹಸರದ ಉಳೀತು. ಬಿಳೇದು ಗುಜರಿಗೆ ಹೋತು. ಹೊಸಾ ತಗಡು ಹಾಕಿ, ಬಣ್ಣಾ ಹಚ್ಚಿದ್ರು, ಒಂದು ಬೋಲ್ಟೂ ತ್ರಾಸ ಕೊಡಲಿಲ್ಲ. ಈಗ ಬಸ್ತ್ಯಾಂವ ಹೊಡೀತಾನ.”

ತಮ್ಮ ನಿಟ್ಟುಸಿರು ಬಿಟ್ಟ. ಹಾಗಾದರೆ ಟೀಚರಮ್ಮ ಶಾಂತರಾದರಲ್ಲವೇ ಎಂದು ಕೇಳಿದ.

ರುಕ್ಮಾ ಗ್ಲಾಸಿನ ತಳದಲ್ಲಿ ಉಳಿದ ಚಹಾವನ್ನು ಮಳೆಗೆ ಚೆಲ್ಲಿದಳು.

“ಗಾಡಿ ಶಾಂತ ಆತು... ಮಹಾಬಳೇಶ್ವರ ಮೊನ್ನಿ ಪ್ಯಾಟ್ಯಾಗ ಸಿಕ್ಕಿದ್ದ. ಬಲಗೈ ಕಿಸೆದಾಗ ಇಟ್ಟಗೊಂಡಿದ್ದ. ಯಾಕೋ ಅಂದೆ, ತಗದು ತೋರಿಸಿದ. ಮಣಿಕಟ್ಟಿನ ಸುತ್ತ ಐದು ಬಟ್ಟಿನ ಗ್ರೀಸಿನ ಗುರ್ತು. ಹಸೀದು. ಒರಿಸಿದ್ರ ಮತ್ತ ಮೂಡತಾವಂತ. ಗ್ಯಾರೇಜಿಗೆ ಹೋಗೂದ ಬಿಟ್ಟಾನ, ಆದ್ರೂ ಮೂಡತಾವಂತ.

“‘ನಾ ಅವತ್ತ ಬಿಟ್ಟೇನಿ ಆಯಿ’ ಅಂದ. ‘ಆಕಿ ಇನ್ನೂ ಬಿಟ್ಟಿಲ್ಲ.’”