ಸುತ್ತಿಗೆಯ ಪ್ರಶ್ನೆ

ಚಚಡಿಯಲ್ಲಿ ಇರುವೆ ಸೀನಿದರೆ ಬೈಲಹೊಂಗಲ ಬಸ್ ನಿಲ್ದಾಣದಲ್ಲಿ ಕೂತೇ ಕೇಳುವ ಕಿವಿ ಪದ್ಮವ್ವನದು. ಪಕ್ಕದ ಬೆಂಚಿನಲ್ಲಿ ಗದಿಗೆಪ್ಪ ಹೆಂಡತಿಯೊಡನೆ ಪಿಸುಗುಟ್ಟಿದ್ದು ಅವಳಿಗೆ ಡೊಳ್ಳಿನಂತೆ ಕೇಳಿಸಿತು.

"ತಮ್ಮಗ ಎಚ್ಚರಾತೇನ?"

"ಆಗೈತ್ರಿ. ಬುದ್ಧಿ ನೆಟ್ಟಗೈತೋ ಇಲ್ಲೋ ಅಂತ ಐಸಿಯುದಾಗ ಡಾಕ್ಟರು ಪ್ರಶ್ನಿ ಕೇಳಿದ್ರು. ಕಲ್ಲು ನೀರಾಗ ತೇಲತೈತೇನಪಾ ಅಂದ್ರ, ಹೂಂ ಅಂದ."

"ಭೇಷ್! ಹುಚ್ಚನ ಮಾತು ಯಾವ ಪೊಲೀಸನೂ ನಂಬಂಗಿಲ್ಲ."

"ಅದು ನಿನ್ನಿ ಮಾತ್ರಿ. ಇವತ್ತ ತೇಲಂಗಿಲ್ಲ ಅಂದ. ಸುತ್ತಗಿಲೆ ಏನ ಮಾಡ್ತಾರಂತ ಕೇಳಿದ್ರು."

"ಏನಂದ?"

"ಮಂದಿ ಮೊಳಿ ಹೊಡಿತಾರ, ನಮ್ಮಣ್ಣ ನನ್ನ ತಲಿ ಹೊಡದ ಅಂದ."

"ನಡಿ, ಧಾರವಾಡ ಬಸ್ಸ ಹತ್ತೂಣು!"

"ಹೆಂಗ ಹತ್ತತೀರಿ? ಅಕಾ ಅಲ್ಲಿ ನಿಂತ ಪೊಲೀಸ್ರು ನನ್ನ ಜೋಡಿನ ಬಂದಾರ."

ಗದಿಗೆಪ್ಪ ಹುಲಿಯಂತೆ ಹೆಂಡತಿಯ ಕೊರಳಿಗೆ ಹಾರಿದ. ಪೊಲೀಸರು ಅವನನ್ನು ಕೆಡವಿ ದರದರ ಎಳೆದೊಯ್ದರು. ಅವಳು ಕೊರಳು ನೀವಿಕೊಳ್ಳುತ್ತ ಆಸ್ಪತ್ರೆಯ ಕಡೆಗೆ ನಡೆದಳು.